ಕೋಡುಬಳೆ ಕೇಟ್‌ಳ ಹತ್ತು ಗುಂಡು

ಆಕ್ಲೆಂಡ್ ವಿಮಾನ ನಿಲ್ದಾಣ

ಹೊರದೇಶದ ವಿಮಾನ ನಿಲ್ದಾಣದಲ್ಲಿ ಸತ್ಯವನ್ನೇ ಹೇಳಬೇಕು ಎಂದು ನನಗೆ ಬುದ್ಧಿ ಹೇಳಿ ಕಳಿಸಿದವರು ಬಹಳ ಜನ. ಎಷ್ಟು ಸತ್ಯ ಹೇಳಿದರೆ ಸಾಕು ಎಂದು ಒಬ್ಬರೂ ಹೇಳಿರಲಿಲ್ಲ.

ನನ್ನ ಸೂಟ್‌ಕೇಸಿನಲ್ಲಿ ಚಿಕ್ಕಮ್ಮ ತರಲು ಹೇಳಿದ್ದ ಎರಡು ಸಾಮಾನುಗಳಿದ್ದವು. ಒಂದು, ಅಜ್ಜಿಯ ಹಳೆಯ ರೇಷ್ಮೆ ಸೀರೆ. ಇನ್ನೊಂದು, ದೊಡ್ಡ ಪೊಟ್ಟಣ ಅಂಟುವಾಳದ ಪುಡಿ. ಹೊರಗಿನ ಬೀಜ, ಮಣ್ಣು, ಕಾಯಿಗಳ ವಿಷಯದಲ್ಲಿ ನ್ಯೂಜಿಲೆಂಡಿನವರು ನಮ್ಮ ಅಜ್ಜಿ ಮಡಿಯ ವಿಷಯದಲ್ಲಿ ಇದ್ದಷ್ಟೇ ಬಿಗಿ. ನಾನೂ ನಿಯತ್ತಾಗಿ ಪುಡಿ ತಂದಿದ್ದೇನೆಂದು ಹೇಳಿದೆ. ಹಸಿರು ಕೈಗವಸು ಹಾಕಿದ ಅಧಿಕಾರಿಣಿ ಪೊಟ್ಟಣ ಬಿಚ್ಚಿ, ಮೂಸಿ, ಜೋರಾಗಿ ಸೀನಿದಳು. (ಅಲ್ಲಿಯವರು ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ನಾನು ತುಮಕೂರು ಕನ್ನಡದಲ್ಲೇ ಬರೆಯುತ್ತೇನೆ. ನನಗೆ ಅರ್ಥವಾದದ್ದೇ ಹಾಗೆ.)

"ಏನಿದು?"

"ಕಾಯಿ ಪುಡಿ ಮೇಡಂ. ಸೋಪಿನ ಥರ. ತೊಳೆಯೋಕೆ."

"ಏನನ್ನ ತೊಳೆಯೋಕೆ?"

ಈ ಜಾಗದಲ್ಲಿ ಬುದ್ಧಿ ಇರುವವನು 'ತಲೆ' ಎನ್ನುತ್ತಿದ್ದ. ಇನ್ನೂ ಸ್ವಲ್ಪ ಬುದ್ಧಿ ಇರುವವನು 'ಬೆಳ್ಳಿ ಚೊಂಬು' ಎನ್ನುತ್ತಿದ್ದ. ನಾನು, "ನಮ್ಮ ಚಿಕ್ಕಮ್ಮನ ರಿವಾಲ್ವರ್‌ಗಳನ್ನ" ಎಂದೆ. ಒಂದಲ್ಲ, ಬಹುವಚನ.

ಆಮೇಲೆ ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದು ಕೂರಿಸಿದರು. ಅಜ್ಜಿಯ ಸೀರೆಯನ್ನು ಇಬ್ಬರು ಅಧಿಕಾರಿಗಳು ಆ ತುದಿ ಈ ತುದಿ ಹಿಡಿದು, ಮದುವೆ ಮನೆಯಲ್ಲಿ ಅಂತರಪಟ ಹಿಡಿದ ಹಾಗೆ ಬಿಚ್ಚಿ ನೋಡಿದರು. ನಾನು ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಅಂಥ ಗಂಡಾಂತರದಲ್ಲೂ 'ಇದಕ್ಕೆ ಹಿಂದೆ ನಾದಸ್ವರ ಹಾಕಿದರೆ ಚೆನ್ನಾಗಿರುತ್ತದೆ' ಎನಿಸಿತು. ಕೊನೆಗೆ ನರೆಗಡ್ಡದ ಹಿರಿಯ ಅಧಿಕಾರಿಯೊಬ್ಬರು ಬಂದು ವಿಷಯ ಕೇಳಿ, "ನಿಮ್ಮ ಚಿಕ್ಕಮ್ಮ ದೊಡ್ಡ ಹ್ಯಾಟ್ ಹಾಕ್ಕೊತಾರಾ?" ಎಂದರು. ನಾನು ಫೋನಿನಲ್ಲಿ ಫೋಟೋ ತೋರಿಸಿದೆ. ಎರಡು ಮೂಗುಬೊಟ್ಟು, ಕುಂಕುಮ, ಅಗಲ ಅಂಚಿನ ಹ್ಯಾಟು, ಸೊಂಟದ ಎರಡೂ ಕಡೆ ಒಂದೊಂದು ರಿವಾಲ್ವರ್. ಫೋಟೋ ಕೈಯಿಂದ ಕೈಗೆ ಹೋಯಿತು. ಯಾರೋ ನಕ್ಕರು. ಪುಡಿಯಲ್ಲಿ ಬೀಜವಿಲ್ಲ ಎಂದು ಜರಡಿ ಹಿಡಿದು ಖಾತ್ರಿ ಮಾಡಿಕೊಂಡು ನನ್ನನ್ನು ಹೊರಗೆ ಬಿಟ್ಟರು.

ಹೊರಗೆ ಕಾಯುತ್ತಿದ್ದ ಚಿಕ್ಕಮ್ಮ ನನ್ನನ್ನು ತಬ್ಬಿಕೊಳ್ಳುವ ಮೊದಲೇ ಕೇಳಿದ್ದು, "ಪುಡಿ ಬಿಟ್ರೇನೋ?"

ಬಾಟನಿ ಡೌನ್ಸ್

ನಮ್ಮ ವತ್ಸಲಾ ಚಿಕ್ಕಮ್ಮ ಅಮ್ಮನ ತಂಗಿ. ಮೈಸೂರಿನಲ್ಲಿ ಸಂಗೀತ ಕಲಿತು, ಆಕ್ಲೆಂಡಿನ ಬಾಟನಿ ಡೌನ್ಸ್ ಬಡಾವಣೆಯ ದೊಡ್ಡ ಮಾಲಿನ ಹಿಂದಿನ ಬೀದಿಯಲ್ಲಿ ಸಂಗೀತ ಕಲಿಸುತ್ತಾರೆ. ಸಂಜೆಯಾದರೆ ಮುಂದಿನ ಕೋಣೆಯಲ್ಲಿ ಕನ್ನಡದ ಮಕ್ಕಳು ಸಾಲಾಗಿ ಕೂತು ತೊಡೆ ತಟ್ಟುತ್ತಾರೆ. ಚಿಕ್ಕಮ್ಮ ಕನ್ನಡದಲ್ಲಿ ಬೈಯುತ್ತಾರೆ, ಅವರು ಇಂಗ್ಲಿಷಿನಲ್ಲಿ "ಸಾರಿ ಆಂಟಿ" ಎನ್ನುತ್ತಾರೆ. ಎರಡೂ ಕಡೆಯವರಿಗೆ ಇದು ಸರಿಹೋಗಿದೆ.

ಆ ಕೋಣೆ ದಾಟಿ ಹಿಂದಿನ ಗ್ಯಾರೇಜಿಗೆ ಹೋದರೆ ಬೇರೆಯೇ ಚಿಕ್ಕಮ್ಮ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಬೀಗ. ಒಳಗೆ ಹಳೆಯ ಕಾಲದ ಕೋವಿಗಳ ಹೊಸ ನಕಲುಗಳು. ಅಜ್ಜನ ಕಾಲದ ಮಾದರಿ, ಇಟಲಿಯಲ್ಲಿ ಮೊನ್ನೆ ಮೊನ್ನೆ ಮಾಡಿದ್ದು. ಪಕ್ಕದಲ್ಲೇ ಹೊಲಿಗೆ ಯಂತ್ರ. ಅದರ ಪಕ್ಕ ಚರ್ಮಕ್ಕೆ ತೂತು ಹೊಡೆಯುವ ಉಳಿ, ಮೇಣ ಹಚ್ಚಿದ ದಾರ.

ಇದೊಂದು ಹವ್ಯಾಸ. ನೂರೈವತ್ತು ವರ್ಷ ಹಿಂದಿನ ಕೌಬಾಯ್‌ಗಳ ಹಾಗೆ ಬಟ್ಟೆ ಹಾಕಿಕೊಂಡು, ಆ ಕಾಲದ ಮಾದರಿಯ ಕೋವಿಗಳಿಂದ ಕಬ್ಬಿಣದ ತಟ್ಟೆಗಳಿಗೆ, ಹೇಳಿದ ಕ್ರಮದಲ್ಲಿ, ಹೇಳಿದಷ್ಟು ಗುಂಡು ಹೊಡೆಯಬೇಕು. ಬಟ್ಟೆ ತಾವೇ ಹೊಲಿಯಬೇಕು ಎಂದೇನಿಲ್ಲ, ಆದರೆ ಹೊಲಿದವರಿಗೆ ಮರ್ಯಾದೆ ಹೆಚ್ಚು. ತಾವೇ ತೋಟಾಗಳಿಗೆ ಕರಿ ಮದ್ದು ತುಂಬಿದವರಿಗೆ ಇನ್ನೂ ಹೆಚ್ಚು. ಕರಿ ಮದ್ದು ಹಾರಿಸಿದ ಮೇಲೆ ಕೋವಿಯೊಳಗೆ ಒಲೆಯ ಮೇಲಿನ ಅಟ್ಟದಷ್ಟು ಮಸಿ. ಅಲ್ಲಿಯವರು ಬಿಸಿನೀರು, ಸೋಪು ಹಾಕಿ ತೊಳೆಯುತ್ತಾರೆ. ಚಿಕ್ಕಮ್ಮ ಒಮ್ಮೆ ಅಂಟುವಾಳ ಕುದಿಸಿ ತೊಳೆದು ಕ್ಲಬ್ಬಿಗೆ ತೋರಿಸಿದರಂತೆ. ಅಂದಿನಿಂದ ಕ್ಲಬ್ಬಿನ ಅರ್ಧ ಜನ ಅಂಟುವಾಳದ ಗಿರಾಕಿಗಳು. ನಾನು ಕೂತು ಬಂದ ವಿಮಾನದ ಟಿಕೆಟ್ಟಿನ ಹಿಂದೆ ಇಂಥ ದೊಡ್ಡ ಆಮದು ವ್ಯವಹಾರವಿತ್ತು ಎಂದು ಆಗ ತಿಳಿಯಿತು.

"ನೀವು ಇದಕ್ಕೆ ಹೇಗೆ ಬಿದ್ರಿ ಚಿಕ್ಕಮ್ಮ?"

"ನಾನೆಲ್ಲೋ ಬಿದ್ದೆ? ನಿಮ್ಮ ಚಿಕ್ಕಪ್ಪನ ಆಫೀಸಿನವರೊಬ್ಬರು ಕರೆದ್ರು, ಕೋಡುಬಳೆ ಮಾಡ್ಕೊಂಡು ಹೋಗಿದ್ದೆ. ಅಲ್ಲಿ ಟಣ್ ಟಣ್ ಟಣಾ ಟಣ್ ಅಂತ ಹೊಡೀತಿದ್ರು. ಒಬ್ಬರಿಗಾದ್ರೂ ಲಯ ಇಲ್ಲ. ಎಷ್ಟೊತ್ತು ಅಂತ ಕೇಳ್ಕೊಂಡು ಕೂರಲಿ?"

ಈ ಹವ್ಯಾಸದಲ್ಲಿ ಪ್ರತಿಯೊಬ್ಬರಿಗೂ ಒಂದು ಸುಳ್ಳು ಹೆಸರಿರಬೇಕು. ಒಬ್ಬರ ಹೆಸರು ಇನ್ನೊಬ್ಬರಿಗೆ ಇರಬಾರದು. ಚಿಕ್ಕಮ್ಮನಿಗೆ ಅವರು ಇಟ್ಟದ್ದು 'ಕೋಡುಬಳೆ ಕೇಟ್'. ಕೋಡುಬಳೆ ಎಂದರೇನು ಎಂದು ಗೊತ್ತಿಲ್ಲದವರು ಆ ಕ್ಲಬ್ಬಿನಲ್ಲಿ ಯಾರೂ ಇಲ್ಲ. ಸರಿಯಾಗಿ ಉಚ್ಚರಿಸುವವರೂ ಯಾರೂ ಇಲ್ಲ.

ನಾಗರಾಜ ಚಿಕ್ಕಪ್ಪನಿಗೆ ಢಂ ಎಂದರೆ ಆಗದು. ದೀಪಾವಳಿಯಲ್ಲಿ ಸುರುಸುರುಬತ್ತಿ ಹಚ್ಚಿ ಒಳಗೆ ಓಡುವ ಆಸಾಮಿ. ಅವರು ಕ್ಲಬ್ಬಿನ ಅಡುಗೆಮನೆಯ ಖಾಯಂ ನಿವಾಸಿ. ಅವರಿಗೀಗ ಕಂಪನಿಯ ಕೆಲಸ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಗೆ ಬದಲಾಗಿತ್ತು. ಈ ದ್ವೀಪವಲ್ಲ, ಕೆಳಗಿನ ದ್ವೀಪ. ತಿಂಗಳ ಕೊನೆಗೆ ಮನೆ ಖಾಲಿ. ಅರ್ಧ ಪಾತ್ರೆಗಳು ಆಗಲೇ ರಟ್ಟಿನ ಡಬ್ಬಿ ಸೇರಿದ್ದವು.

"ಅಲ್ಲೂ ಕ್ಲಬ್ ಇರುತ್ತಲ್ವಾ?" ಎಂದೆ.

ಚಿಕ್ಕಮ್ಮ ಇನ್ನೊಂದು ಪಾತ್ರೆಯನ್ನು ಡಬ್ಬಿಗೆ ಹಾಕಿದರು. ಚಿಕ್ಕಪ್ಪ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ಆ ಕ್ಲಬ್ ಮನೇಲಿ ಒಂದು ಹಲಗೆ ಇದೆ ಕಣಯ್ಯ. ಇಡೀ ಪಂದ್ಯದಲ್ಲಿ ಒಂದು ಗುಂಡೂ ತಪ್ಪದೆ ಹೊಡೆದವರ ಹೆಸರನ್ನ ಕಾದ ಕಂಬಿಯಿಂದ ಸುಟ್ಟು ಬರೀತಾರೆ. ಇವಳದು ಪ್ರತಿ ಸಲ ಒಂದು. ಒಂದೇ ಒಂದು ತಪ್ಪತ್ತೆ. ಬರೋ ಭಾನುವಾರದ್ದೇ ಕೊನೇದು. ನೀನು ಬಾಯಿ ಬಿಡಬೇಡ."

ನಾನು ಬಾಯಿ ಬಿಡಲಿಲ್ಲ. ಅಜ್ಜಿಯ ಸೀರೆ ಎರಡು ದಿನದಲ್ಲಿ, ಹಿಂದೆ ಉಬ್ಬಿಸಿ ಹೊಲಿದ ಹಳೆಯ ಇಂಗ್ಲಿಷ್ ಗೌನಾಯಿತು. ಜರಿಯಂಚು ಕಾಲ ಬಳಿ ಸುತ್ತ ಬಂತು. ಉಳಿದ ಸೆರಗಿನಲ್ಲಿ ನನಗೊಂದು ವೇಸ್ಟ್‌ಕೋಟು. ಕನ್ನಡಿಯಲ್ಲಿ ನೋಡಿಕೊಂಡರೆ ದರೋಡೆ ಮಾಡಲು ಬಂದು ಆರತಕ್ಷತೆಯಲ್ಲಿ ಸಿಕ್ಕಿಬಿದ್ದವನ ಹಾಗಿದ್ದೆ.

ಪುಕೆಕೊಹೆ ದಾಟಿ, ಶನಿವಾರ

ಕ್ಲಬ್ಬಿನ ಮೈದಾನ ಪುಕೆಕೊಹೆಯ ಆಚೆಗೆ. ದಾರಿಯುದ್ದಕ್ಕೂ ಈರುಳ್ಳಿ, ಆಲೂಗಡ್ಡೆ, ಕೋಸು. ಮಣ್ಣು ನಮ್ಮ ಚಿಕ್ಕಬಳ್ಳಾಪುರದ ಕಡೆಯ ಹಾಗೆ ಕೆಂಪಗೆ. ಕಿಟಕಿ ಇಳಿಸಿದರೆ ಈರುಳ್ಳಿಯ ವಾಸನೆ. ಇಷ್ಟು ದೂರ ವಿಮಾನದಲ್ಲಿ ಬಂದು ಎಪಿಎಂಸಿ ಯಾರ್ಡಿನಲ್ಲಿ ಇಳಿದ ಹಾಗಾಯಿತು. ವ್ಯತ್ಯಾಸವೆಂದರೆ ಹಾರನ್ ಇಲ್ಲ, ರಸ್ತೆಯಲ್ಲಿ ಯಾರೂ ಇಲ್ಲ, ಎಲ್ಲೋ ಒಬ್ಬ ಯೂಟ್ ಓಡಿಸಿಕೊಂಡು ಬಂದವನು ಸ್ಟಿಯರಿಂಗ್ ಮೇಲಿಂದ ಒಂದೇ ಬೆರಳೆತ್ತಿ ನಮಸ್ಕಾರ ಹೇಳಿ ಹೋಗುತ್ತಾನೆ. ಮುಂದೆ ಸೀಟು, ಹಿಂದೆ ತೊಟ್ಟಿಯಿರುವ ನಮ್ಮ ಪಿಕಪ್ಪಿಗೇ ಅಲ್ಲಿ ಯೂಟ್ ಎನ್ನುತ್ತಾರೆ. ನಾನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ. ಮೂರನೆಯವನು ಗಾಬರಿಯಾಗಿ ಗಾಡಿ ನಿಲ್ಲಿಸಿ, "ಏನಾದ್ರೂ ತೊಂದರೆನಾ?" ಎಂದು ಕೇಳಿದ. ಅಲ್ಲಿಗೆ ನಮಸ್ಕಾರ ನಿಲ್ಲಿಸಿದೆ.

ಮೈದಾನದಲ್ಲಿ ನಮ್ಮನ್ನು ಎದುರುಗೊಂಡವರು ಮಡ್ಡಿ. ಪೂರ್ತಿ ಹೆಸರು 'ಮಡ್ಡಿ ಗಮ್‌ಬೂಟ್', ಅಂದರೆ ಕೆಸರು ಮೆತ್ತಿದ ರಬ್ಬರ್ ಬೂಟು. ಹಸು ಸಾಕಿ ನಿವೃತ್ತರಾದವರು. ಬೀಟೆ ಮರದ ಬೀರು ನಡೆದು ಬಂದಂತಿದ್ದಾರೆ. ಅವರ ಹಿಂದೆ ನೆಲ್. ನರ್ಸಾಗಿದ್ದವರು, ಕಡ್ಡಿಯ ಹಾಗೆ ನೆಟ್ಟಗೆ, ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಗೌನು. ಇಬ್ಬರೂ ಮೊದಲು ನೋಡಿದ್ದು ಚಿಕ್ಕಮ್ಮನ ಕೈಯಲ್ಲಿದ್ದ ಸ್ಟೀಲ್ ಡಬ್ಬ.

"ತಂದ್ಯಾ ಕೇಟ್?" ಎಂದರು ಮಡ್ಡಿ.

"ಮೊದಲು ಅಭ್ಯಾಸ. ಆಮೇಲೆ ಕೋಡುಬಳೆ."

"ನೀನು ಹಾರ್ನ್‌ಬಿಗೆ ಹೋಗು ಪರವಾಗಿಲ್ಲ, ಡಬ್ಬ ಇಲ್ಲೇ ಬಿಟ್ಟು ಹೋಗು."

ಚಿಕ್ಕಮ್ಮ ನಕ್ಕು ಮಡ್ಡಿಯ ಹ್ಯಾಟಿನ ಅಂಚನ್ನು ಕಣ್ಣು ಮುಚ್ಚುವ ಹಾಗೆ ಕೆಳಗೆಳೆದರು.

ನನಗೆ ಯಾರೋ ಒಬ್ಬರು ಬೂಟಿನ ಹಿಂದೆ ಕಟ್ಟುವ ಮುಳ್ಳುಗಾಲಿಗಳನ್ನು ಕೊಟ್ಟರು. ಅಲ್ಲಿ ಹೊಸಬರು ಬಂದರೆ ಎಲ್ಲರೂ ತಮ್ಮ ತಮ್ಮ ಸಾಮಾನು ಬಿಚ್ಚಿ ಕೊಡುತ್ತಾರೆ. ಬೆಲ್ಟು ಒಬ್ಬರದು, ಕರವಸ್ತ್ರ ಇನ್ನೊಬ್ಬರದು. ಮುಳ್ಳುಗಾಲಿಯನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಟ್ಟಿಕೊಂಡು ಹೀರೋನಂತೆ ನಡೆದೆ. ಮೂರು ಹೆಜ್ಜೆಗೆ ಎರಡು ಗಾಲಿ ಒಂದನ್ನೊಂದು ಕಚ್ಚಿಕೊಂಡವು. ಕಡಿದ ಬಾಳೆಗಿಡದಂತೆ ನೆಲ್ ಅವರ ಪಾದದ ಬಳಿ ಉದ್ದಕ್ಕೆ ಬಿದ್ದೆ. ಅವರು ಬಗ್ಗಿ ನನ್ನ ನಾಡಿ ಹಿಡಿದು ನೋಡಿ, "ಬದುಕಿದ್ದಾನೆ" ಎಂದು ಘೋಷಿಸಿ ಮುಂದೆ ಹೋದರು.

"ಮಡ್ಡಿ ಅವರ ನಿಜವಾದ ಹೆಸರೇನು ಚಿಕ್ಕಮ್ಮ?" ಎಂದು ಆಮೇಲೆ ಕೇಳಿದೆ.

"ಗೊತ್ತಿಲ್ಲ."

"ಇಷ್ಟು ವರ್ಷದಿಂದ ಜೊತೇಲಿದ್ದೀರಿ!"

"ಗೊತ್ತಿಲ್ದೇ ಇದ್ದಿದ್ದಕ್ಕೆ ಒಂದ್ಸಲ ಫಜೀತಿ ಆಗಿತ್ತು ಕಣೋ. ಮಂಡಿ ಆಪರೇಷನ್ ಆಗಿತ್ತು ಅವರಿಗೆ. ಹೂವು, ಹಣ್ಣು ತಗೊಂಡು ನಾವೆಲ್ಲ ಆಸ್ಪತ್ರೆಗೆ ಹೋದ್ವಿ. ಯಾರನ್ನ ನೋಡ್ಬೇಕು ಅಂತ ಕೇಳಿದ್ರು. ಒಬ್ಬರ ಮುಖ ಒಬ್ಬರು ನೋಡಿದ್ವಿ. ಮಡ್ಡಿ ಗಮ್‌ಬೂಟ್ ಅಂತ ಹೇಳಕ್ಕಾಗುತ್ತಾ? ನೆಲ್ ಧೈರ್ಯ ಮಾಡಿ ಹೇಳಿದಳು. ಸೆಕ್ಯುರಿಟಿಯವನು ಬಂದ."

"ಆಮೇಲೆ?"

"ಆಮೇಲೇನು, ಕಾರಿಡಾರಲ್ಲಿ ನಿಂತು ನೆಲ್ 'ಮಡ್ಡೀ' ಅಂತ ಕೂಗಿದಳು. ಮೂರನೇ ರೂಮಿಂದ 'ಕೋಡುಬಳೆ ಇದೆಯಾ' ಅಂತ ಕೇಳಿಸ್ತು."

ಆಮೇಲಾದರೂ ಹೆಸರು ಕೇಳಬಹುದಿತ್ತಲ್ಲ ಎಂದರೆ, "ಥೂ, ಅದು ಮರ್ಯಾದೆ ಅಲ್ಲ" ಎಂದರು. ನಮ್ಮಲ್ಲಿ ಪರಿಚಯವಾದ ಐದನೇ ನಿಮಿಷಕ್ಕೆ ಹೆಸರು, ಊರು, ಗೋತ್ರ, ಸಂಬಳ ಎಲ್ಲ ಆಗಿ, ಆರನೇ ನಿಮಿಷಕ್ಕೆ ಮಾತು ಮುಗಿದಿರುತ್ತದೆ. ಇಲ್ಲಿ ಅವೇನೂ ಗೊತ್ತಿಲ್ಲದೆ ವರ್ಷಗಟ್ಟಲೆ ಮಾತು ನಡೆದಿದೆ.

ಮಧ್ಯಾಹ್ನ ಮಡ್ಡಿ ನನ್ನ ಪಕ್ಕದಲ್ಲೇ ನಿಂತು, ಒಂದೊಂದೇ ತೋಟಾ ಕೊಟ್ಟು, ನನ್ನ ಕೈಯಲ್ಲೂ ರಿವಾಲ್ವರ್ ಹಿಡಿಸಿದರು. ನನ್ನ ಹಿಂದಿನ ಅನುಭವವೆಂದರೆ ಕೆಂಪು ರೀಲಿನ ದೀಪಾವಳಿ ಪಿಸ್ತೂಲು ಮತ್ತು ದಸರಾ ವಸ್ತುಪ್ರದರ್ಶನದ ಬಲೂನು. ಇಲ್ಲಿ ಗುಂಡು ಹೊಡೆಯುವ ಮೊದಲು ಆ ದಿನಕ್ಕೆ ಗೊತ್ತು ಮಾಡಿದ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆಯೇ ಹೊತ್ತು ಅಳೆಯುವ ಗಡಿಯಾರದವನು ಬೀಪ್ ಒತ್ತುತ್ತಾನೆ. ಆವತ್ತಿನ ಮಾತು, 'ನನ್ನ ಪಾವ್ಲೊವಾ ಕದ್ದವನು ಯಾರು?' ಪಾವ್ಲೊವಾ ಎಂದರೆ ಅವರ ಮೆಚ್ಚಿನ ಕೆನೆಯ ಸಿಹಿತಿಂಡಿ. ನಾನು ಗಾಬರಿಯಲ್ಲಿ "ನಿಮ್ಮ ಪಾವ್ಲೊವಾ ಕದ್ದವನು ನಾನು" ಎಂದುಬಿಟ್ಟೆ. ತಪ್ಪೊಪ್ಪಿಗೆ ಮೊದಲು, ಗುಂಡು ಆಮೇಲೆ. ಹಿಂದೆ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. ಗುಂಡು ನನ್ನ ತಟ್ಟೆ ಬಿಟ್ಟು ಪಕ್ಕದ ತಟ್ಟೆಗೆ ತಾಗಿತು. ಚಪ್ಪಾಳೆಯೋ ಚಪ್ಪಾಳೆ. ಕೊನೆಯಲ್ಲಿ ಬರುವವನಿಗೆ ಇಷ್ಟು ಚಪ್ಪಾಳೆ ತಟ್ಟುವ ಆಟವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ನನ್ನೊಂದು ಗುಟ್ಟು ಆಗ ನನಗೇ ಗೊತ್ತಾಯಿತು. ಢಂ ಎಂದರೆ ನನ್ನ ಕಣ್ಣುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಯಾರು ಹೊಡೆದರೂ ಅಷ್ಟೇ. ಎಲ್ಲರೂ ಹಾಕಲೇಬೇಕಾದ ಕನ್ನಡಕದಲ್ಲಿ ನನಗೆ ಸಿಕ್ಕಿದ್ದು ಕಪ್ಪು ಗಾಜಿನದು. ಹಾಗಾಗಿ ಮಾನ ಉಳಿಯಿತು.

ಉಳಿದ ಮಾನ ನೆಲ್ ಕೈಯಲ್ಲಿ ಹೋಯಿತು. ಒಬ್ಬರು ಹೊಡೆಯುವಾಗ ಮೂವರು ನಿಂತು ತಪ್ಪಿದ ಗುಂಡುಗಳನ್ನು ಎಣಿಸಬೇಕು. ಸ್ಪಾಟರ್ ಎನ್ನುತ್ತಾರೆ. ಕೊನೆಗೆ ಎಷ್ಟು ತಪ್ಪಿತೋ ಅಷ್ಟು ಬೆರಳೆತ್ತುವುದು. ಒಂದೂ ತಪ್ಪದಿದ್ದರೆ ಮುಷ್ಟಿ. ಮೂವರಲ್ಲಿ ಇಬ್ಬರು ಹೇಳಿದ್ದೇ ತೀರ್ಪು. ಹೊಡೆದವರು ವಾದ ಮಾಡುವ ಹಾಗಿಲ್ಲ. ನೆಲ್ ನನಗೆ ನಿಯಮ ಹೇಳಿಕೊಟ್ಟರು:

"ತಾಗಿತು ಅಂತ ಗೊತ್ತಿದ್ರೆ ತಾಗಿತು. ತಾಗಿತೇನೋ ಅನ್ನಿಸಿದ್ರೂ ತಾಗಿತು. ತಪ್ಪಿತೇನೋ ಅನ್ನಿಸಿದ್ರೂ ತಾಗಿತು. ತಪ್ಪಿತು ಅಂತ ಗೊತ್ತಿದ್ರೆ ಮಾತ್ರ ತಪ್ಪಿತು. ತಲೆಗೆ ಹೋಯ್ತಾ?"

ಹೋಯಿತು. ಕಣ್ಣು ಮುಚ್ಚುವವನು ಎಣಿಸುವುದು ಹೇಗೆ? ಕಿವಿಯಿಂದ. ಕಿವಿಗೆ ಹಾಕಿದ್ದ ಯಂತ್ರ ಢಂ ಎನ್ನುವುದನ್ನು ತಗ್ಗಿಸಿ ಸಣ್ಣ ಸದ್ದನ್ನು ದೊಡ್ಡದು ಮಾಡುತ್ತಿತ್ತು. ತಟ್ಟೆಯ ಟಣ್ ಚೆನ್ನಾಗಿ ಕೇಳುತ್ತಿತ್ತು. ಚಿಕ್ಕಂದಿನ ರಜೆಗಳಲ್ಲಿ ಚಿಕ್ಕಮ್ಮನ ಕೈಯಲ್ಲಿ ಪೆಟ್ಟು ತಿಂದು ಕಲಿತದ್ದು ಒಂದೇ ಒಂದು, ತಾಳ ಹಾಕುವುದು. ಅದನ್ನೇ ಹಾಕಿದೆ. ತೊಡೆಗೆ ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ತಟ್ಟು, ಅಂಗೈ ಮೇಲೆ. ಮಡ್ಡಿ ಹೊಡೆಯುತ್ತಿದ್ದರು. ಲೆಕ್ಕ ಬರೆಯುವಾಕೆ ನನ್ನ ಬೆರಳುಗಳನ್ನೇ ನೋಡಿ ಮಡ್ಡಿಯ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ತಪ್ಪು ಬರೆಯುತ್ತಾ ಹೋದಳು. ಅಂಗೈ ಮೇಲೆ ಮಾಡಿದ್ದನ್ನು ನಿಲ್ಲಿಸುವ ಸನ್ನೆಯೆಂದು ತಿಳಿದು ಯಾರೋ "ನಿಲ್ಲಿಸಿ!" ಎಂದು ಕೂಗಿದರು. ಆಟ ನಿಂತಿತು.

"ಏನು ಮಾಡ್ತಿದ್ದೀಯ ಮಾರಾಯ?" ಎಂದು ಮಡ್ಡಿ ಕೇಳಿದರು.

"ಆದಿತಾಳ" ಎಂದೆ.

ಚಿಕ್ಕಮ್ಮ ಹಣೆ ಹಣೆ ಚಚ್ಚಿಕೊಂಡರು. "ಕೈ ಜೇಬಲ್ಲಿಟ್ಕೊಂಡು ಎಣಿಸು ಕಣೋ ಶನಿ! ಕಾಲ್ಬೆರಳಲ್ಲಿ ಹಾಕು, ಬೂಟೊಳಗೆ ಯಾರಿಗೂ ಕಾಣಲ್ಲ."

ಭಾನುವಾರ

ಗಾಳಿ ಎಂಬುದಿರಲಿಲ್ಲ. ಕರಿ ಮದ್ದಿನ ದಿನ ಗಾಳಿ ಇರಬೇಕು, ಇಲ್ಲದಿದ್ದರೆ ಮೊದಲ ಗುಂಡಿಗೇ ಮುಂದೆ ಹೊಗೆಯ ಗೋಡೆ ಏಳುತ್ತದೆ. ಬೆಳಗಿನಿಂದ ಎಲ್ಲರೂ ಸೌದೆ ಒಲೆ ಊದಿದವರ ಹಾಗೆ ಕೆಮ್ಮಿಕೊಂಡೇ ಹೊಡೆಯುತ್ತಿದ್ದರು.

ಒಟ್ಟು ಆರು ಸುತ್ತು. ಒಂದೊಂದರಲ್ಲೂ ರೈಫಲ್, ಜೋಡಿ ನಳಿಗೆಯ ಕೋವಿ, ಕೊನೆಗೆ ಎರಡು ರಿವಾಲ್ವರ್. ಮೊದಲ ಸುತ್ತಿನಲ್ಲಿ ಚಿಕ್ಕಮ್ಮನಿಗೆ ಒಂದೂ ತಪ್ಪಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದು ಮುಗಿದ ಮೇಲೆ ಜನ ಚಿಕ್ಕಮ್ಮನ ಜೊತೆ ಮಾತಾಡುವುದು ಕಡಿಮೆ ಮಾಡಿದರು. ಸಿಟ್ಟಲ್ಲ, ಅದು ಅಲ್ಲಿಯ ಪದ್ಧತಿ. ಒಬ್ಬರು ಒಂದೂ ತಪ್ಪದೆ ಹೊಡೆಯುತ್ತಿದ್ದರೆ ಅವರ ಮುಂದೆ ಆ ಮಾತೆತ್ತಬಾರದು. ಮಡ್ಡಿ ಚಿಕ್ಕಮ್ಮನ ಜೊತೆ ಕೋಸಿನ ಬೆಲೆ, ಹಸುವಿನ ಕೆಚ್ಚಲು, ತಮ್ಮ ಮಂಡಿ, ಹೀಗೆ ಸಂಬಂಧವಿಲ್ಲದ್ದೆಲ್ಲ ಮಾತಾಡಿದರು. ಐದನೆಯ ಸುತ್ತೂ ದಾಟಿತು. ಚಿಕ್ಕಮ್ಮನ ಮುಖವೆಲ್ಲ ಮಸಿ. ಕುಂಕುಮ ಯಾವುದು, ಮಸಿ ಯಾವುದು ಗೊತ್ತಾಗುತ್ತಿರಲಿಲ್ಲ. ಅವರು ಒಂದು ಮೂಲೆಯಲ್ಲಿ ನಿಂತು, ಕಣ್ಣು ಮುಚ್ಚಿ, ತುಟಿಯಲ್ಲೇ "ತಕಿಟ ತಕಧಿಮಿ ತಕಿಟ" ಎಂದುಕೊಳ್ಳುತ್ತಿದ್ದರು.

ಕೊನೆಯ ಸುತ್ತಿನ ರಿವಾಲ್ವರ್ ಕ್ರಮ ಅದೇ. ಎಡದ ತಟ್ಟೆಗೆ ಮೂರು, ನಡುವಿನದಕ್ಕೆ ನಾಲ್ಕು, ಬಲದ್ದಕ್ಕೆ ಮೂರು. ಒಟ್ಟು ಹತ್ತು. ಒಂದೊಂದು ರಿವಾಲ್ವರಿನಲ್ಲಿ ಐದೇ ಐದು. ಹಾಗಾಗಿ ತಕಧಿಮಿಯ ನಟ್ಟನಡುವೆ ಒಂದನ್ನು ಒಳಗಿಟ್ಟು ಇನ್ನೊಂದು ಹೊರಗೆಳೆಯಬೇಕು. ಅಲ್ಲೇ ಲಯ ಕೆಡುವುದು.

ಅಷ್ಟರಲ್ಲಿ ಅಡುಗೆಮನೆಯಿಂದ ಚಿಕ್ಕಪ್ಪ ಬಿಸಿಬೇಳೆ ಬಾತಿನ ಸೌಟು ಹಿಡಿದು ಹೊರಬಂದು, ಪದ್ಧತಿ ಗಿದ್ಧತಿ ಮರೆತು, "ವತ್ಸಲಾ, ಇನ್ನೊಂದೇ ಅಲ್ವೇನೇ!" ಎಂದು ಕೂಗಿದರು. ಕನ್ನಡ ಬಾರದ ಅಷ್ಟೂ ಜನಕ್ಕೆ ಅದು ಅರ್ಥವಾಯಿತು. ನೆಲ್ ಹೋಗಿ ಅವರನ್ನು ಭುಜ ಹಿಡಿದು ತಿರುಗಿಸಿ, ಒಳಗೆ ಬಿಟ್ಟು, ಬಾಗಿಲು ಹಾಕಿಕೊಂಡು ಬಂದರು.

ಸ್ಪಾಟರ್‌ಗಳು ಮೂವರು ಬೇಕು. ಮಡ್ಡಿ ಒಬ್ಬರು, ನೆಲ್ ಒಬ್ಬರು. ಉಳಿದವರು ತೋಟಾ ತುಂಬುವ ಮೇಜಿನಲ್ಲಿ, ಖಾಲಿ ಮಾಡುವ ಮೇಜಿನಲ್ಲಿ, ಲೆಕ್ಕದಲ್ಲಿ ಇದ್ದರು. "ಹುಡುಗಾ, ಬಾ" ಎಂದರು ನೆಲ್. ನಾನು ಕಣ್ಣಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಕ್ಲಬ್ಬಿನ ಇಡೀ ಜನ ಉಸಿರು ಹಿಡಿದು ನಿಂತಿದ್ದರು. ಬಾಯಿ ಮುಚ್ಚಿಕೊಂಡು ಹೋಗಿ ನಿಂತೆ.

ಚಿಕ್ಕಮ್ಮ ಮುಂದೆ ಬಂದು ನಿಂತರು. ಅಜ್ಜಿಯ ಜರಿಯಂಚು ಹುಲ್ಲಿಗೆ ತಾಗುತ್ತಿತ್ತು. ಗೊತ್ತು ಮಾಡಿದ ಮಾತು ಹೇಳಿದರು. ಬೀಪ್ ಎಂದಿತು.

ರೈಫಲ್ಲಿನ ಗುಂಡುಗಳೆಲ್ಲ ತಾಗಿದವು. ಜೋಡಿ ನಳಿಗೆಯ ಕೋವಿಯಲ್ಲಿ ಬೀಳಿಸಬೇಕಾದ ತಟ್ಟೆಗಳೆಲ್ಲ ಬಿದ್ದವು. ಅಷ್ಟು ಹೊತ್ತಿಗೆ ಮುಂದೆ ಬರೀ ಬಿಳಿ ಹೊಗೆ. ನಮ್ಮಲ್ಲಿ ಸೊಳ್ಳೆಗೆ ಫಾಗಿಂಗ್ ಮಾಡಿ ಹೋದ ಹಾಗೆ. ಚಿಕ್ಕಮ್ಮ ಮೊದಲ ರಿವಾಲ್ವರ್ ಎಳೆದರು. ನನ್ನ ಕಣ್ಣುಗಳು ಮುಚ್ಚಿದವು. ಬೂಟಿನೊಳಗೆ ಕಾಲ್ಬೆರಳು ಸಿದ್ಧವಾಯಿತು.

ಟಣ್, ಟಣ್, ಟಣ್. ತಕಿಟ.

ಟಣ್, ಟಣ್. ತಕ. ಬಿಡುವು. ಚರ್ಮದ ಚೀಲಕ್ಕೆ ಒಂದು ಇಳಿಯುವ ಸದ್ದು, ಇನ್ನೊಂದು ಏಳುವ ಸದ್ದು. ನನ್ನ ಕಾಲ್ಬೆರಳು ಗಾಳಿಯಲ್ಲಿ ನಿಂತಿತ್ತು. ಟಣ್, ಟಣ್. ಧಿಮಿ. ಅಷ್ಟು ಚೆಂದಕ್ಕೆ ಬಂದು ಕೂತಿತು, 'ಆಹಾ' ಎನ್ನಬೇಕೆಂದುಕೊಂಡೆ.

ಆಮೇಲಿನ ಮೂರರಲ್ಲಿ ಎರಡೇ ಟಣ್. ಒಂದು ಢಂ ಎಂದದ್ದು ಹಾಗೇ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿ ಮೆತ್ತಗೆ ಮಲಗಿತು.

ಕಣ್ಣು ಬಿಟ್ಟೆ. ಹೊಗೆಯೊಳಗೆ ಯಾರೂ ಕಾಣಲಿಲ್ಲ. ಚಿಕ್ಕಮ್ಮನ ಹ್ಯಾಟಿನ ತುದಿ ಮಾತ್ರ. ಅವರು ತಿರುಗಿ ನೋಡಲಿಲ್ಲ. ಹೊಡೆದವರು ಮಾತಾಡಬಾರದು, ತೀರ್ಪು ಬರುವವರೆಗೆ ಮುಂದೆ ನೋಡಿಕೊಂಡೇ ನಿಲ್ಲಬೇಕು.

"ಸ್ಪಾಟರ್ಸ್?" ಎಂದ ಗಡಿಯಾರದವನು.

ಮಡ್ಡಿ ತಕ್ಷಣ ಮುಷ್ಟಿ ಎತ್ತಿದರು. ಅಷ್ಟು ದೊಡ್ಡ ಮುಷ್ಟಿಯನ್ನು ನಾನು ನೋಡಿಯೇ ಇರಲಿಲ್ಲ. ಒಂದೂ ತಪ್ಪಿಲ್ಲ.

ನೆಲ್ ಒಂದು ಬೆರಳೆತ್ತಿದರು. ಬೆರಳು ನೆಟ್ಟಗಿತ್ತು.

ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಜೀವನದಲ್ಲಿ ಇಷ್ಟು ಗಹನವಾಗಿ ಯೋಚನೆ ಮಾಡಿದ್ದಿಲ್ಲ. ತಪ್ಪಿತೇನೋ ಅನ್ನಿಸಿದರೂ ತಾಗಿತು. ಅನ್ನಿಸಿತೆಂದು ಹೇಳಿದರಾಯಿತು. ಇಷ್ಟು ಹೊಗೆಯಲ್ಲಿ ಯಾರಿಗೆ ಏನು ಗೊತ್ತು? ನಾನಂತೂ ಕಣ್ಣನ್ನೇ ಬಿಟ್ಟಿರಲಿಲ್ಲ! ಅದಕ್ಕಿಂತ ಒಳ್ಳೆಯ ಅನುಮಾನ ಇನ್ನೇನು ಬೇಕು? ಬಂದ ದಿನದಿಂದ ಈ ಹೆಂಗಸಿನ ಕೈಯಲ್ಲಿ ಬಿಸಿ ದೋಸೆ ತಿನ್ನುತ್ತಿದ್ದೇನೆ. ಒಂದು ಮುಷ್ಟಿ ಎತ್ತಿದರೆ ಹಲಗೆಯ ಮೇಲೆ ಹೆಸರು. ಎಲ್ಲರಿಗೂ ಸಂತೋಷ. ಜೇಬಿನೊಳಗೆ ಕೈ ಮುಷ್ಟಿ ಕಟ್ಟಿಯೂ ಆಗಿತ್ತು.

ಆದರೆ ಬೂಟಿನೊಳಗಿನ ಕಾಲ್ಬೆರಳು ಎತ್ತಿದ್ದು ಎತ್ತಿದ ಹಾಗೇ ನಿಂತಿತ್ತು, ಬಾರದ ಟಣ್‌ಗೆ ಕಾದುಕೊಂಡು. ಅನ್ನಿಸಿದ್ದಲ್ಲ. ಗೊತ್ತಿತ್ತು.

ಕೈ ಹೊರಗೆ ತೆಗೆದು ಒಂದು ಬೆರಳೆತ್ತಿದೆ.

"ಒಂದು ತಪ್ಪು" ಎಂದ ಗಡಿಯಾರದವನು, ಯಾರದೋ ಸಾವಿನ ಸುದ್ದಿ ಹೇಳಿದ ಹಾಗೆ.

ಚಿಕ್ಕಮ್ಮ ಕೋವಿಗಳನ್ನೆತ್ತಿಕೊಂಡು ಖಾಲಿ ಮಾಡುವ ಮೇಜಿಗೆ ನಡೆದರು. ಒಂದೊಂದೇ ಖಾಲಿ ತೋಟಾ ಹೊರಗೆ ಬೀಳುವ ಸದ್ದು ಕೇಳುತ್ತಿತ್ತು. ನಾನು ಮನಸ್ಸಿನಲ್ಲೇ ಬಟ್ಟೆ ಪ್ಯಾಕ್ ಮಾಡಿ, ಬಾಟನಿ ಡೌನ್ಸಿನಿಂದ ವಿಮಾನ ನಿಲ್ದಾಣಕ್ಕೆ ಬಸ್ಸು ಸಿಗುತ್ತದೆಯೇ ಎಂದು ಯೋಚಿಸುತ್ತಿದ್ದೆ.

ಎಲ್ಲ ಮುಗಿಸಿ ಅವರು ನೆಟ್ಟಗೆ ನನ್ನ ಹತ್ತಿರ ಬಂದರು. ಮಸಿಯ ಮುಖದಲ್ಲಿ ಕಣ್ಣಷ್ಟೇ ಬಿಳಿ.

"ಯಾವುದೋ?"

"ಚಿಕ್ಕಮ್ಮ, ಅದು... ಎಂಟನೇದು."

"ಎಂಟನೇದಾ?"

"ಕೊನೇ ತಕಿಟದಲ್ಲಿ. ತ ಬರಲಿಲ್ಲ. ಎಂಟು."

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಥಟ್ಟನೆ ಪಕ್ಕಕ್ಕೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು. "ಮಡ್ಡಿ, ಯಾವುದು ತಪ್ಪಿದ್ದು?"

"ಒಂಬತ್ತನೇದು" ಎಂದರು ಮಡ್ಡಿ.

ಹೇಳಿ, ಬಾಯಿ ತೆರೆದದ್ದು ತೆರೆದ ಹಾಗೇ ನಿಂತರು. ತಮ್ಮ ಬಲಗೈ ಮುಷ್ಟಿಯನ್ನು, ಅದು ಇನ್ನೂ ಮುಷ್ಟಿಯಾಗಿಯೇ ಇತ್ತು, ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಹೊಗೆ ಜಾಸ್ತಿ ಇತ್ತು ಕೇಟ್" ಎಂದರು.

"ನಿನ್ನ ತಲೆ" ಎಂದರು ನೆಲ್. "ಕೋಡುಬಳೆ ಜಾಸ್ತಿ ಆಗಿದೆ."

ಮೊದಲು ನಕ್ಕವರು ಚಿಕ್ಕಮ್ಮ. ಹ್ಯಾಟು ತೆಗೆದು ಅದರಿಂದ ಮಡ್ಡಿಯ ತೋಳಿಗೆ ಎರಡು ಬಾರಿಸಿ, ಹೊಟ್ಟೆ ಹಿಡಿದು ನಕ್ಕರು. "ಒಂಬತ್ತನೇದೇ. ಬೆರಳು ಒತ್ತಿದ ಕೂಡ್ಲೇ ನಂಗೇ ಗೊತ್ತಾಯ್ತು. ಹಲಗೇಲಿ ಎರಡು ಸಲ ಹೆಸರು ಬರೆಸ್ಕೊಂಡು ಹೋಗೋ ಯೋಗ್ಯತೆ ಇರೋ ಹಂಗೆ ಹೊಡೀತಿದ್ದೆ, ಆ ಒಂಬತ್ತನೇದು ಹಾಳಾಗ!" ಜನರೆಲ್ಲ ಸುತ್ತ ಸೇರಿದರು. ಒಬ್ಬರು ಬೆನ್ನು ತಟ್ಟಿದರು, ಒಬ್ಬರು ಸೀರೆಯ ಗೌನಿನ ಮೇಲಿನ ಹುಲ್ಲು ಕೊಡವಿದರು. ಬಾಗಿಲು ತೆರೆದು ಚಿಕ್ಕಪ್ಪ ಇಣುಕಿ, ನಗುವುದು ನೋಡಿ ಗೆದ್ದರೆಂದು ತಿಳಿದು, ಸೌಟೆತ್ತಿ ಕುಣಿದರು. ಅವರಿಗೆ ನಿಜ ಹೇಳುವ ಮನಸ್ಸು ಯಾರಿಗೂ ಬರಲಿಲ್ಲ.

ನಗುತ್ತಿದ್ದ ಚಿಕ್ಕಮ್ಮನ ಮುಖದ ಮಸಿಯಲ್ಲಿ ಎರಡು ಗೆರೆ ಇಳಿದಿದ್ದವು. ಸೆರಗಿಲ್ಲದ ಗೌನು, ಒರೆಸಿಕೊಳ್ಳಲು ಏನೂ ಇರಲಿಲ್ಲ. ನೆಲ್ ತಮ್ಮ ಕರವಸ್ತ್ರ ಕೊಟ್ಟರು. ಚಿಕ್ಕಮ್ಮ ಅದರಲ್ಲಿ ಮೂಗು ಸೀಟಿ, ಯಾರಿಗೂ ತಿಳಿಯದಿರಲೆಂದು ಕನ್ನಡದಲ್ಲಿ ನನಗೆ ಹೇಳಿದರು:

"ಇವರನ್ನೆಲ್ಲ ಬಿಟ್ಟು ಹಾರ್ನ್‌ಬಿಗೆ ಹೋಗಿ ನಾನು ಏನ್ ಮಾಡ್ಲೋ?"

ಮಡ್ಡಿ ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು.

"ಏನಂದಳು?"

"ಎಣಿಸೋಕೆ ಬರಲ್ಲ ಅಂತಿದ್ದಾರೆ."

"ಯಾರಿಗೆ?"

"ನಮ್ಮಿಬ್ಬರಿಗೂ" ಎಂದೆ.